ದಂಡಿನವನ ಹೆಂಡತಿಯ ಹೊಲಿಗೆ ಮೆಷಿನ್ನು

ಗಂಡ ದಂಡಿಗೆ ಹೋದರೆ ಮನೆಯಲ್ಲಿ ಒಬ್ಬ ಯಜಮಾನ ಕಡಿಮೆಯಾದ ಅಂದುಕೊಂಡಿದ್ದೆ. ಆದದ್ದು ಬೇರೆ. ನಮ್ಮವರು ಪಲ್ಟನ್ನಿಗೆ ಹೊರಟ ಮಾರನೆಯ ದಿನವೇ ಊರಿನ ಗಂಡಸರೆಲ್ಲ ನನಗೆ ಯಜಮಾನರಾದರು. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳಿಗೆ ನನಗೆಂದೂ ಬರವಿರಲಿಲ್ಲ.

ನಮ್ಮೂರು ಹುಣಸೂರಿಗೆ ಒಂದು ಹರದಾರಿ. ದಿನಾ ನಡೆದು ಹೋಗಿ ಅಲ್ಲಿನ ದರ್ಜಿಯ ಹೆಂಡತಿಯಿಂದ ಹೊಲಿಗೆ ಕಲಿತೆ. ಕಿವಿಯ ಬುಗುಡಿ ಮಾರಿ ಹಳೆಯ ಮೆಷಿನ್ನೊಂದನ್ನು ತಂದೆ. ಹುಣಸೂರಿನ ಪೇಟೆಬೀದಿಯಲ್ಲಿ ನನ್ನದೇ ಅಂಗಡಿ ಇಡಬೇಕೆಂಬುದು ನನ್ನ ಆಸೆ. ಲೋಕವನ್ನೇ ಗೆಲ್ಲಲು ಯುದ್ಧ ಹೂಡಿದ್ದ ಜರ್ಮನಿಯವನ ಆಸೆಗಿಂತ ಚಿಕ್ಕದೇ. ಆದರೆ ಊರು ಅವನನ್ನು ಬಿಟ್ಟು ನನ್ನ ಮೇಲೆ ಬಿತ್ತು.

ಮಂಗಳವಾರದ ಕತ್ತರಿ

ಮಾವನ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ದಿನಾ ಚಾವಡಿಯಲ್ಲಿ ಮೇಷ್ಟರಿಂದ ಪೇಪರ್ ಓದಿಸಿ ಕೇಳುತ್ತಿದ್ದರು. ಒಂದು ದಿನ ನೇರ ಮನೆಗೇ ಬಂದರು.

"ನೆನ್ನೆ ಮಂಗಳವಾರ ಕತ್ರಿ ಆಡ್ಸುದ್ಯಾ?"

"ಹೂಂ ಮಾವ."

"ನೋಡು! ಅಲ್ಲಿ ನಮ್ಮೋರು ಹಿಂದಕ್ಕೆ ಸರಿದವ್ರಂತೆ. ಗಂಡ ದಂಡಲ್ಲಿರೋವಾಗ ಹೆಂಡ್ರು ಕತ್ರಿ ಮುಟ್ಟುದ್ರೆ ಇನ್ನೇನಾದದು?"

ಗಂಡನ ಬಗ್ಗೆ ನನಗೆ ದಿಗಿಲಿರಲಿಲ್ಲವೇ? ಇತ್ತು. ಮೆಷಿನ್ನು ತುಳಿಯುವಾಗ ಮಾತ್ರ ಕೊಂಚ ಮರೆತುಹೋಗುತ್ತಿತ್ತು. ಅದಕ್ಕೂ ಕಲ್ಲು ಹಾಕುತ್ತಾರಲ್ಲ ಎಂದು ಸಿಟ್ಟು ಬಂತು. ಮುಂದಿನ ವಾರ ನಮ್ಮ ಕಡೆಯವರು ಗೆದ್ದ ಸುದ್ದಿ ಬಂದದ್ದೇ ತಡ, ಚಾವಡಿಗೇ ಹೋದೆ.

"ಮಾವ, ಈ ಮಂಗಳವಾರ ಎರಡು ರವಿಕೆ, ಒಂದು ಲಂಗ ಕತ್ತರಿಸಿದೀನಿ. ಅಂಗಾರೆ ಗೆದ್ದೋಳು ನಾನೇ ಕಣ್ರೀ. ಅರಮನೆಗೆ ಹೇಳಿ ಒಂದು ಇನಾಮು ಕೊಡ್ಸಿ."

ಆಮೇಲೆ ಬಹಳ ದಿನ ದೊಡ್ಡಮಾವ ನನ್ನೆದುರು ಯುದ್ಧದ ಸುದ್ದಿ ಎತ್ತಲಿಲ್ಲ.

ಜಗಲಿಯ ಅತ್ತೆ, ಒಳಗಿನ ಅತ್ತೆ

ನಮ್ಮತ್ತೆ ಜಗಲಿಯಲ್ಲಿ ನಾಲ್ಕು ಜನರೆದುರು, "ಆ ಮಿಷನ್ನ ಒಯ್ದು ಹೊಳೆಗಾಕು" ಎಂದು ಕೂಗುತ್ತಿದ್ದರು. ಒಂದು ಮಧ್ಯಾಹ್ನ ಒಳಗೆ ಬಂದು ಬಾಗಿಲು ಮುಚ್ಚಿದರು. ಮೆಷಿನ್ನಿಗೆ ಈಗ ಗತಿ ಕಾಣಿಸುತ್ತಾರೆ ಅಂದುಕೊಂಡೆ.

"ನಂಗೊಂದು ಕುಪ್ಪಸ ಹೊಲ್ಕೊಡು. ತೋಳು ಒಸಿ ಉದ್ದ ಇರ್ಲಿ," ಎಂದರು ಮೆಲ್ಲಗೆ.

ಹೊಲಿದು ಕೊಟ್ಟೆ. ಅದನ್ನೇ ತೊಟ್ಟು ಜಗಲಿಯಲ್ಲಿ ಕೂತು ನನ್ನನ್ನು ಬೈದರು.

ವೀರಪತ್ನಿ

ದಂಡಿಗೆ ಜನ ಸೇರಿಸಲು ತಾಲ್ಲೂಕಿನ ಅಮಲ್ದಾರರು ಊರಿಗೆ ಬಂದರು. ದಂಡಿನವರ ಹೆಂಡಿರನ್ನೆಲ್ಲ ಸಾಲಾಗಿ ಕೂರಿಸಿ, ವೀರಪತ್ನಿಯರು ಎಂದು ಹೊಗಳಿ, ಹಾರ ಹಾಕಿಸಿದರು. ಮಾತಿನ ಭರದಲ್ಲಿ ನನ್ನ ಕಡೆ ತಿರುಗಿ, "ಸರ್ಕಾರ ನಿಮಗೇನು ಮಾಡಬೇಕು ತಾಯಿ?" ಎಂದರು.

ಕೇಳಿದ ಮೇಲೆ ಹೇಳಬೇಕಲ್ಲ! ಎದ್ದು ನಿಂತೆ. "ಹುಣಸೂರು ಪೇಟೆಬೀದೀಲಿ ಸರ್ಕಾರದ ಮಳಿಗೆ ಒಂದು ಖಾಲಿ ಬಿದ್ದದೆ ಬುದ್ಧಿ. ಹೊಲಿಗೆ ಅಂಗಡಿಗೆ ಅದನ್ನ ಬಾಡಿಗೆಗೆ ಕೊಡ್ಸಿ."

"ಹೆಂಗಸು ಹೋಗಿ ಅಂಗಡಿಯಲ್ಲಿ ಕೂತರೆ ಗಂಡನ ಮರ್ಯಾದೆ ಏನಾಗಬೇಕು?"

"ಗಂಡ ಅಲ್ಲೆಲ್ಲೋ ಗುಂಡಿ ತೋಡ್ಕಂಡು ಅದರೊಳಗೆ ಕೂತವ್ರೆ ಬುದ್ಧಿ. ಅಂಗಡಿ ಅದಕ್ಕಿಂತ ಎತ್ತರದಲ್ಲೇ ಐತೆ."

ಸಭೆ ಗೊಳ್ಳೆಂದಿತು. ಅಮಲ್ದಾರರೂ ನಕ್ಕರು, ಮಳಿಗೆಯನ್ನೂ ಕೊಡಿಸಿದರು. ಆಮೇಲಿನ ಸಭೆಗಳಲ್ಲಿ ನಮಗೆ ಹಾರ ಮಾತ್ರ ಹಾಕಿದರು, ಪ್ರಶ್ನೆ ಕೇಳಲಿಲ್ಲ.

ಮೊದಲ ಗಿರಾಕಿ

ಮಳಿಗೆಯ ಬೀಗದ ಕೈ ನನ್ನ ಸೆರಗಿನಲ್ಲಿತ್ತು. ಆದರೆ ಮೆಷಿನ್ನು ಹೊರಗೆ ಸಾಗಿಸಲು ಮನೆಯವರು ಬಿಡಲಿಲ್ಲ, ಗಂಡ ಬಂದು ಹೇಳಲಿ ಅಂದರು. ಗಂಡ ರಜೆಯಲ್ಲಿ ಬಂದರು. ಅತ್ತೆ ಕೋಳಿಸಾರು, ಮುದ್ದೆ ಇಕ್ಕಿ ಇಕ್ಕಿ ಸಾಕಿದರು. ಅಂಗಡಿಯ ಮಾತೆತ್ತಿದಾಗಲೆಲ್ಲ ನಮ್ಮವರು "ನೋಡಾನ" ಅನ್ನುತ್ತಿದ್ದರು. ಹೊರಡುವ ದಿನ ದೊಡ್ಡಮಾವ ಹಿರಿಯರನ್ನೆಲ್ಲ ಜಗಲಿಗೆ ಕರೆಸಿದರು.

"ಹೇಳ್ಲಾ ಮಗ, ದಂಡಿನೋನ ಹೆಂಡ್ರು ಪ್ಯಾಟೇಲಿ ಕೂತು ಕಂಡೋರ ಬಟ್ಟೆ ಹೊಲಿಯೋದಾ?"

ಖಾಕಿ ತೊಟ್ಟು ಹೊರಟು ನಿಂತಿದ್ದ ನಮ್ಮವರು ನೆಲ ನೋಡಿದರು. "ದೊಡ್ಡೋರು ಹೇಳ್ದಂಗೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ನೀವು ದಂಡಿಗೆ ಸೇರೋವಾಗ ನನ್ನ ಕೇಳಿದ್ರಾ? ದಸರಾ ನೋಡ್ಕಂಡು ಬತ್ತೀನಿ ಅಂತ ಮೈಸೂರಿಗೆ ಹೋದೋರು ಪಲ್ಟನ್ ಸೇರ್ಕಂಡು ಬಂದ್ರಿ. ನಾನು ಅಡ್ಡ ಬಂದ್ನಾ?"

ನಮ್ಮವರು ಜಾರಿಕೊಳ್ಳಲು ನೋಡಿದರು. "ಬಸ್ಸಿಗೆ ಹೊತ್ತಾಯ್ತು ದೊಡ್ಡಪ್ಪ, ಆಶೀರ್ವಾದ ಮಾಡಿ" ಎಂದು ಕಾಲಿಗೆ ಬಗ್ಗಿದರು.

ಪರ್‍ರ್!

ಕೋಳಿಸಾರು ತನ್ನ ಕೆಲಸ ಮಾಡಿತ್ತು. ಷರಾಯಿ ಹಿಂದುಗಡೆ ಸೊಂಟದಿಂದ ತೊಡೆಯವರೆಗೆ ಹರಿದಿತ್ತು. ದಂಡಿನವನು ಬೆನ್ನು ತೋರಿಸಬಾರದಂತೆ. ನಮ್ಮವರು ಗೋಡೆಗೆ ಆತುಕೊಂಡು ನಿಂತರು. ಇನ್ನೊಂದು ಷರಾಯಿ ಒಗೆದು ಹಾಕಿದ್ದು, ಇನ್ನೂ ಒದ್ದೆ. ಬಸ್ಸು ತಪ್ಪಿದರೆ ಪಲ್ಟನ್ನಿನಲ್ಲಿ ಶಿಕ್ಷೆ.

"ಸುಮ್ಕೆ ನಿಂತಿದ್ದೀಯಲ್ಲಮ್ಮಿ, ಬಿರ್‍ರನೆ ಹೊಲಿ!" ಎಂದು ದೊಡ್ಡಮಾವ ಕೂಗಿದರು.

"ಮನೇಲಿ ಹೊಲಿಯಾಕಿಲ್ಲ ಮಾವ. ಹುಣಸೂರಲ್ಲಿ ನನ್ನಂಗಡಿ ಐತೆ, ಅಲ್ಲಿಗೆ ಬರಾಕ್ ಹೇಳಿ. ಬಸ್ಸೂ ಅಲ್ಲೇ ನಿಲ್ಲೋದು."

ದೊಡ್ಡಮಾವ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗೋಡೆಯ ಕಡೆ ನೋಡಿದರು. ಆಮೇಲೆ ಎದ್ದು ಹೋಗಿ ತಾವೇ ಗಾಡಿ ಕಟ್ಟಿದರು. ಹಿರಿಯರೆಲ್ಲ ಸೇರಿ ಮೆಷಿನ್ನು ಎತ್ತಿಟ್ಟರು. ನಮ್ಮವರು ಪಂಚೆ ಸುತ್ತಿಕೊಂಡು, ಹರಿದ ಷರಾಯಿ ಮಡಿಲಲ್ಲಿಟ್ಟುಕೊಂಡು ಮೆಷಿನ್ನಿನ ಪಕ್ಕ ಕೂತರು. ನಾನೂ ಹತ್ತಿದೆ, ದೊಡ್ಡಮಾವ ಗಾಡಿ ಹೊಡೆದರು.

ಪೇಟೆಬೀದಿಯಲ್ಲಿ ಬೀಗ ತೆಗೆದೆ, ಮೆಷಿನ್ನು ಹೂಡಿ ತುಳಿಯತೊಡಗಿದೆ. ಬಸ್ಸು ಬಂದು ನಿಂತಿತ್ತು. ದೊಡ್ಡಮಾವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದವರು ಕೊನೆಗೆ ಬಾಯಿ ಬಿಟ್ಟರು:

"ಒಸಿ ಗಟ್ಟಿಯಾಗಿ ಹೊಲಿಯಮ್ಮಿ, ಯುದ್ಧ ಇನ್ನೂ ಮುಗ್ದಿಲ್ಲ."

ನಾನು ದಾರ ಕಡಿದು, ಷರಾಯಿಯನ್ನು ಗಂಡನ ಕೈಗಿತ್ತೆ.

"ನಂದು ಮುಗೀತು ಬುಡಿ ಮಾವ."