ನಮ್ಮ ಕಾಕಾನ ಹಕ್ಕಿಜ್ವರ

ಇಡೀ ಗೋವೆಯಲ್ಲಿ ಹಕ್ಕಿಜ್ವರಕ್ಕೆ ಇಂದಿಗೂ ಹೆದರುವ ಮನುಷ್ಯ ಒಬ್ಬನೇ ಒಬ್ಬ ಉಳಿದಿದ್ದರೆ ಅದು ನಮ್ಮ ಕಾಕಾ. ಅದರಲ್ಲೇನು ವಿಶೇಷ ಎನ್ನುತ್ತೀರಾ? ಕಾಕಾ ಕೋಳಿ ತಿನ್ನುವುದಿಲ್ಲ. ಮೊಟ್ಟೆಯನ್ನು ಕೈಯಿಂದ ಮುಟ್ಟಿದವರೂ ಅಲ್ಲ. ಧಾರವಾಡದ ಮಡಿವಂತ ಮನೆಯಲ್ಲಿ ಹುಟ್ಟಿ, ಮುರ್ಮುಗಾಂವ್ ಬಂದರಿನ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಮೀನಿನ ವಾಸನೆಯ ನಡುವೆ ಹುಳಿಯನ್ನ ಉಂಡೇ ನಿವೃತ್ತರಾದವರು. ಇಂಥವರಿಗೂ ಕೋಳಿಗೂ ಏನು ಸಂಬಂಧ?

ಸಂಬಂಧ ಬೆಳೆಸಿದ್ದು ಟೀವಿ. ಆಗ ಕಾಕಾನ ಹೆಂಡತಿ, ನಮ್ಮ ಕಾಕೂ, ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಕಾಕಾನಿಗೆ ಮಾತಿಗೆ ಸಿಗುತ್ತಿದ್ದುದು ಟೀವಿಯೊಂದೇ. ಅದು ಒಂದು ವಾರ ಬಿಡುವಿಲ್ಲದೆ ಹಕ್ಕಿಜ್ವರ, ಹಕ್ಕಿಜ್ವರ ಎಂದು ಕೂಗಿತು. ಬಂದರಿನ ಊರಾದ ವಾಸ್ಕೋದ ಜನ ಕೋಳಿ ಬಿಟ್ಟು ಮೀನಿನ ಮೇಲೆ ಮುಗಿಬಿದ್ದರು (ಜ್ವರ ಇಲ್ಲದಾಗಲೂ ಬೀಳುತ್ತಿದ್ದರು, ಅದು ಬೇರೆ ಮಾತು). ಎರಡನೇ ವಾರ ಟೀವಿಗೆ ಯಾರೋ ಶಾಸಕರು ಪಕ್ಷ ಬಿಟ್ಟ ಸುದ್ದಿ ಸಿಕ್ಕಿತು. ಜನ ಮತ್ತೆ ಕೋಳಿಯಂಗಡಿಯ ಮುಂದೆ ಸಾಲುಗಟ್ಟಿದರು.

ಕಾಕಾ ಮಾತ್ರ ಒಪ್ಪಲಿಲ್ಲ. "ಟೀವಿಯವ್ರು ಹೋದ್ರು ಅಂದ್ರ ರೋಗಾನೂ ಅವ್ರ ಗಾಡಿ ಹತ್ತಿ ಹೋತೇನು?" ಎಂದು ನನ್ನನ್ನು ಕೇಳಿದರು.

ಮೊದಲ ಬಲಿ, ಓಣಿಯ ತುದಿಯ ಆಮ್ಲೆಟ್ ಗಾಡಿ. ನಡೆಸುವವನು ಗದಗಿನ ಕಡೆಯವನು. ಸಂಜೆಯಾದರೆ ಕಾಕಾ ಮಾಸ್ಕ್ ಹಾಕಿಕೊಂಡು, ಪರೀಕ್ಷೆಯ ಮೇಲ್ವಿಚಾರಕರಂತೆ ಕೈ ಹಿಂದೆ ಕಟ್ಟಿ ಗಾಡಿಯ ಪಕ್ಕ ನಿಲ್ಲುತ್ತಿದ್ದರು.

"ನಡೂಕ ಇನ್ನೂ ಹಸಿ ಅದ. ಹೊಳ್ಳಿಸಿ ಹಾಕು."

"ಕಾಕಾರ, ನೀವು ತಿನ್ನಾಂಗಿಲ್ಲ, ತಿನ್ನಾರ್ನೂ ಬಿಡಾಂಗಿಲ್ಲ. ನಾ ಏನ್ ಇಲ್ಲಿ ಚಪ್ಪಲಿ ಮಾರಾಕತ್ತೇನೇನ್ರಿ?"

ಕೊನೆಗೆ ಅವನು ವ್ಯಾಪಾರಿ ಬುದ್ಧಿ ಓಡಿಸಿದ. ಗಿರಾಕಿ ಬಂದ ಕೂಡಲೇ, "ಸಾದಾ ಆಮ್ಲೆಟ್ಟೋ, ಕಾಕಾ ಆಮ್ಲೆಟ್ಟೋ?" ಎಂದು ಕೇಳತೊಡಗಿದ. ಎರಡನೆಯದಕ್ಕೆ ಹಲ್ಲು ಗಟ್ಟಿ ಇರಬೇಕಿತ್ತು.

ಮುಂದಿನ ಕ್ರಮ ಬಂದರಿನ ಕಾಯಿದೆಯದು. ಹೊರದೇಶದ ಹಡಗು ಬಂದರೆ, ಆರೋಗ್ಯಾಧಿಕಾರಿಗಳ ಒಪ್ಪಿಗೆ ಸಿಗುವ ತನಕ ಹಳದಿ ಬಾವುಟ ಹಾರಿಸಿಕೊಂಡು ದೂರ ನಿಲ್ಲಬೇಕು. ಕಾಕಾ ಈ ನಿಯಮವನ್ನು ಕಾಗೆಗಳಿಗೆ ಅನ್ವಯಿಸಿದರು. ಸತ್ತು ಬೀಳುವ ಕಾಗೆಯೇ ರೋಗದ ಸುಳಿವು ಎಂದು ಟೀವಿ ಹೇಳಿತ್ತಲ್ಲ! ತಾರಸಿಯ ಮೇಲೆ ಹಳದಿ ಬಟ್ಟೆ ಏರಿತು. ಬಂದರಿನ ಕಾಯಿದೆ ತಿಳಿಯದ ಕಾಗೆಗಳಿಗಾಗಿ ಉದ್ದನೆಯ ಬಿದಿರಿನ ಗಳವೊಂದು ಬಂತು.

ನವೆಂಬರಿನಲ್ಲಿ ಕನ್ನಡ ಸಂಘದ ಇಬ್ಬರು ತಾರಸಿ ನೋಡಿ ಹಿಗ್ಗಿ ಒಳಗೆ ಬಂದರು. "ರಾಜ್ಯೋತ್ಸವಕ್ಕ ಬಾವುಟ ಏರಿಸೀರಿ, ಭಾಳ ಚಲೋ ಆತ್ರಿ. ಆದ್ರ ಕೆಂಪು ಎಲ್ಲಿ ಹೋತ್ರಿ?"

"ಅದು ರಾಜ್ಯೋತ್ಸವದ್ದಲ್ರಿ, ರೋಗದ್ದು," ಎಂದರು ಕಾಕಾ. ಇಬ್ಬರೂ ಚಹಾ ಮುಟ್ಟದೆ ಎದ್ದುಹೋದರು.

ಕೆಲವೇ ತಿಂಗಳಲ್ಲಿ ಕಾಗೆಗಳು ಆ ತಾರಸಿಯ ಮೇಲೆ ಬಾರದೆ ಸುತ್ತುಬಳಸಿ ಹಾರತೊಡಗಿದವು. ಕಾಕಾ ಗೆದ್ದರು. ಆ ಗೆಲುವು ಎಷ್ಟು ದುಬಾರಿ ಎಂದು ತಿಳಿದದ್ದು ಕಾಕೂನ ವರ್ಷದ ಶ್ರಾದ್ಧದ ದಿನ.

ನಮ್ಮಲ್ಲಿ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಂದು ಅರ್ಥ. ಅಲ್ಲಿಯ ತನಕ ಯಾರಿಗೂ ಊಟವಿಲ್ಲ. ಪಿಂಡವನ್ನು ತಾರಸಿಯ ಮೇಲಿಟ್ಟು ಕಾದೆವು. ಎದುರುಮನೆಯ ಹೆಂಚಿನ ಮೇಲೆ ಒಂಬತ್ತು ಕಾಗೆಗಳು ಸಾಲಾಗಿ ಕೂತು ಗಳವನ್ನೂ ಬಾವುಟವನ್ನೂ ನಮ್ಮನ್ನೂ ಸರದಿಯಂತೆ ನೋಡಿದವು. ಒಂದೂ ಕದಲಲಿಲ್ಲ. ಕಾಯಿದೆ ಪಾಲನೆ ಎಂದರೆ ಹಾಗಿರಬೇಕು.

ಕಾಕಾ ಗಳವನ್ನು ಅಡಗಿಸಿದರು. ಬಾವುಟ ಇಳಿಸಿದರು. ಮಾಸ್ಕಿನೊಳಗಿಂದಲೇ ಕಾ ಕಾ ಎಂದು ಕರೆದರು. ಗಂಟೆ ಎರಡಾಯಿತು.

"ದರ್ಭಿ ಕಾಗಿ ಮಾಡಿ ಮುಟ್ಟಿಸಿಬಿಡೋಣ್ರಿ, ನಡೀತದ," ಎಂದರು ಭಟ್ಟರು. ಅವರಿಗೆ ಮಡಗಾಂವ್‌ನಲ್ಲಿ ಇನ್ನೊಂದು ಶ್ರಾದ್ಧವಿತ್ತು.

"ಆಕಿ ಹುಲ್ಲಿನ ಕಾಗಿಗೆ ಮೋಸ ಹೋಗೂ ಪೈಕಿ ಅಲ್ರಿ," ಎಂದರು ಕಾಕಾ.

ಹೋದವರಿಗೆ ಏನಾದರೂ ಮಾತು ಕೊಟ್ಟರೆ ಕಾಗೆ ಬರುತ್ತದೆಂದು ನಂಬಿಕೆ. ಒಬ್ಬೊಬ್ಬರಾಗಿ ಕೈಮುಗಿದೆವು. ಕಾಕಾನಿಗೆ ದಿನಾ ಊಟದ ಡಬ್ಬಿ ಕಳಿಸುತ್ತೇನೆಂದು ನನ್ನ ಹೆಂಡತಿ ಮಾತು ಕೊಟ್ಟಳು. ಒಂದು ಕಾಗೆ ರೆಕ್ಕೆ ಬಿಚ್ಚಿತು. ಅವಳ ಅಡುಗೆ ನೆನಪಾಯಿತೋ ಏನೋ, ಮತ್ತೆ ಮಡಚಿಕೊಂಡಿತು. ಹಸಿವು ತಡೆಯಲಾರದೆ ನಾನೆಂದೆ: "ಕಾಕೂ, ಕಾಕಾ ಇನ್ನ ಈ ಹಕ್ಕಿಜ್ವರದ ಹುಚ್ಚು ಬಿಡ್ತಾರ. ಅದು ಮುಗದು ಎಷ್ಟೋ ತಿಂಗಳಾತು, ಪೇಪರಿನ್ಯಾಗೂ ಇಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ನಿಮ್ಮ ಕಾಕೂನ ಜ್ವರಾನೂ ಮೂರನೇ ದಿನಕ್ಕ ಇಳದಿತ್ತು. ಆಮ್ಯಾಲೆ ನೀವ್ಯಾರೂ ಫೋನ್ ಮಾಡ್ಲಿಲ್ಲ. ನಾನೂ ಅಷ್ಟ, ಹಣಿ ಮುಟ್ಟಿ ನೋಡೂದು ಬಿಟ್ಟು ಟೀವಿ ಹಚ್ಚಿಕೊಂಡು ಕೂತೆ. ಐದನೇ ದಿನ ಹೋದ್ಲು."

ನಿಜ, ನಾನೂ ಫೋನ್ ಮಾಡಿರಲಿಲ್ಲ.

ಕಾಕಾ ಮಾಸ್ಕ್ ತೆಗೆದು ಪಿಂಡದ ಮುಂದೆ ಕುಕ್ಕರುಗಾಲಲ್ಲಿ ಕೂತರು. "ತಪ್ಪಾತು. ಇನ್ನ ದಿನಾ ನಿನ್ನ ನೋಡ್ತೇನಿ," ಎಂದರು.

ಎಷ್ಟು ಹೊತ್ತಾಯಿತೋ ತಿಳಿಯದು. ಒಂದು ಕಾಗೆ ಹೆಂಚು ಬಿಟ್ಟು, ತಾರಸಿಗಿಳಿದು, ಕುಪ್ಪಳಿಸುತ್ತ ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಭಟ್ಟರು ಗೋವಿಂದ ಎಂದರು. ಕಾಕಾ ಬಗ್ಗಿ ಅದರ ಕಣ್ಣು, ರೆಕ್ಕೆ, ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಈಗ ಆರಾಮ ಇದ್ದೀಯಲ್ಲ?"

ಕಾಗೆ ತಲೆ ಓರೆ ಮಾಡಿ ಅವರನ್ನೇ ನೋಡಿತು. ಕಾಕಾ ಉತ್ತರಕ್ಕೆ ಕಾದರು. ನಾವೂ ಕಾದೆವು; ಊಟದ ಮಾತನ್ನು ಯಾರೂ ಎತ್ತಲಿಲ್ಲ.