ಮೊಪೆಡ್ಡಿಗೆ ಕೊಕ್ಕೆ ಕಟ್ಟಿದ್ದು

ನಾನು ಗುಬ್ಬಿ ಕಡೆಯ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಟ್ಟಿದ್ದನ್ನು ಸರಿಮಾಡುವುದು ನನ್ನ ವೃತ್ತಿ. ಸರಿಯಿದ್ದದ್ದನ್ನು ಕೆಡಿಸುವುದು ನನ್ನ ಹವ್ಯಾಸ ಎಂದು ಅಮ್ಮ ಹೇಳುತ್ತಿದ್ದಳು. ತೊಂಬತ್ತರ ದಶಕದ ಆ ಸುಗ್ಗಿಯವರೆಗೆ ನಾನು ಇದನ್ನು ಒಪ್ಪಿರಲಿಲ್ಲ.

ಅಷ್ಟರಲ್ಲಾಗಲೇ ಎರಡು ಹೆಣ್ಣಿನ ಕಡೆಯವರು ನನ್ನನ್ನು ಬೇಡವೆಂದಿದ್ದರು. ಎರಡನೆಯದಕ್ಕೆ ನೇರ ಕಾರಣ ಹುರುಳಿ! ಸುಗ್ಗಿಯಲ್ಲಿ ನಮ್ಮ ಕಡೆಯ ರೈತರು ಒಣಗಿದ ಹುರುಳಿ ಬಳ್ಳಿಯನ್ನು ರಸ್ತೆಗೇ ಹರವುತ್ತಾರೆ. ಬಸ್ಸು, ಲಾರಿ ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಪುಕ್ಕಟೆ ಒಕ್ಕಣೆ. ಆ ಬಳ್ಳಿ ನನ್ನ ಮೊಪೆಡ್ಡಿನ ಚೈನಿಗೆ ಸುತ್ತಿಕೊಂಡಿತು. ಬಿಡಿಸಿ, ಗ್ರೀಸು ಮೆತ್ತಿದ ಕೈಯಲ್ಲೇ ಹೋಗಿ ಹೆಣ್ಣಿನ ಮನೆಯ ಚಕ್ಕುಲಿ ತಟ್ಟೆಗೆ ಕೈ ಹಾಕಿದ್ದೆ.

"ಇದೇ ಕೊನೆ ಕಣೋ," ಎಂದಳು ಅಮ್ಮ. "ಗುಬ್ಬಿ ಆಚೆ ಕಡಬದ ಹತ್ರದ ಹೆಣ್ಣು. ಬಿಳಿ ಪ್ಯಾಂಟ್ ಹಾಕ್ಕೊಂಡು ಮನುಷ್ಯನ ಥರ ಬಾ. ಇದೂ ತಪ್ಪೋದ್ರೆ ನಾನು ಇನ್ಯಾರ ಮನೆ ಬಾಗ್ಲಿಗೂ ಬರಾಕಿಲ್ಲ."

ನಾನು ತಂತ್ರಜ್ಞಾನದ ಮೊರೆ ಹೋದೆ. ಗುಜರಿಯಲ್ಲಿ ಸಿಕ್ಕ ಎರಡು ಸ್ಪ್ರಿಂಗ್ ತಂತಿಗಳಿಗೆ ಕೊಕ್ಕೆ ಮಾಡಿ, ಹಿಂದಿನ ಚಕ್ರದ ಮುಂದೆ, ನೆಲ ಕೆರೆಯುವಂತೆ ಕ್ಲಾಂಪ್ ಹಾಕಿ ಬಿಗಿದೆ. ಬಳ್ಳಿ ಚೈನು ಮುಟ್ಟುವ ಮೊದಲೇ ಕೊಕ್ಕೆ ಅದನ್ನು ಪಕ್ಕಕ್ಕೆ ತಳ್ಳತಕ್ಕದ್ದು!

ಜೊತೆಯ ವೆಲ್ಡರ್ ಬಗ್ಗಿ ನೋಡಿದ. "ತುದಿ ಮುಂದಕ್ಕೆ ಬಗ್ಗಿಸಿದೀಯಲ್ಲೋ. ಹಿಂದಕ್ಕೆ ಬಗ್ಸು. ಇದು ತಳ್ಳಲ್ಲ, ಹಿಡ್ಕೊಳ್ಳುತ್ತೆ."

"ಫಿಟ್ಟರ್ ಯಾರು? ನಾನಾ, ನೀನಾ?"

ಅವನು ತನ್ನ ವೆಲ್ಡಿಂಗಿಗೆ ಮರಳಿದ. ಅವನೇ ಫಿಟ್ಟರ್ ಆಗಬೇಕಿತ್ತು.

ಭಾನುವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬರೀ ಟಾರಿನ ಮೇಲೆ ಕೊಕ್ಕೆ ಕಿರ್ರೆಂದು ಕಿರುಚಿತು. ಗುಬ್ಬಿಯ ನಾಯಿಗಳೆಲ್ಲ ಊರಾಚೆಯವರೆಗೂ ಬಂದು ಬೀಳ್ಕೊಟ್ಟವು. ಹೆಣ್ಣಿನ ಊರು ಹತ್ತಿರವಾದಾಗ ರಸ್ತೆ ತುಂಬ ಹುರುಳಿ ಸಿಕ್ಕಿತು. ನುಗ್ಗಿಸಿದೆ. ಏನಾಶ್ಚರ್ಯ! ಒಂದು ಎಳೆಯೂ ಚೈನಿಗೆ ಸಿಕ್ಕಲಿಲ್ಲ. ಗಾಡಿ ಮಾತ್ರ ಯಾಕೋ ಎಳೆಯಲಾರದಾಯಿತು. ಅಮ್ಮನ ತೂಕವೇ ಕಾರಣವೆಂದು ತೀರ್ಮಾನಿಸಿ ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದೆ.

"ಲೋ, ಹಿಂದೆ ಏನೋ ಬರ್ತಾ ಐತೆ ಕಣೋ."

"ಧೂಳು ಕಣಮ್ಮ."

"ಧೂಳಿಗೆ ಬಾಲ ಇರ್ತದೇನ್ಲಾ? ಯಾರೋ ಓಡಿ ಬೇರೆ ಬರ್ತಾವ್ರೆ."

"ನಮ್ಮನ್ನ ಎದುರುಗೊಳ್ಳೋಕೆ ಇರ್ಬೇಕು."

"ಎದುರುಗೊಳ್ಳೋರು ಹಿಂದಿಂದ ಯಾಕ್ಲಾ ಬರ್ತಾರೆ? ಕೈಲಿ ಹುಲ್ಲು ತಿರುವೋ ಕವೆಗೋಲು ಐತೆ!"

ಹೆಣ್ಣಿನ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಬಾಗಿಲಲ್ಲಿ ಹುಡುಗಿಯೇ ನಿಂತಿದ್ದಳು. ಬಿಳಿ ಪ್ಯಾಂಟಿನ ಧೂಳು ಕೊಡವಿ ಗಂಭೀರವಾಗಿ ಕೇಳಿದೆ, "ನಿಮ್ಮ ತಂದೆಯವರು ಇದಾರಾ?"

"ನಿಮ್ ಹಿಂದೇನೇ ಓಡಿ ಬರ್ತಾವ್ರೆ."

ತಿರುಗಿ ನೋಡಿದೆ. ಮೊಪೆಡ್ಡಿನ ಬೆನ್ನಿಗೆ ಆಳೆತ್ತರದ ಹುರುಳಿ ಮೆದೆ! ಅದರ ಹಿಂದೆ ಅವಳಪ್ಪ.

"ಸ್ನಾನಕ್ಕೆ ಮುಂಚೆ ಒಂದ್ಸಲ ತಿರುವಾಕಣ ಅಂತ ಹೋದ್ರೆ," ಅವರು ಏದುಸಿರು ಬಿಟ್ಟರು, "ಹರವಿದ್ದನ್ನೆಲ್ಲ ಎಳ್ಕೊಂಡ್ ಬಂದವ್ನಲ್ಲಾ! ಯಾರ್ಲಾ ನೀನು?"

"ನಾನೇ... ಗಂಡು."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಉಪ್ಪಿಟ್ಟು ಬರಬೇಕಾದ ಕೈಗೆ ಪೊರಕೆ ಬಂತು. ದಾರಿಯುದ್ದಕ್ಕೂ ಚೆಲ್ಲಿದ್ದ ಕಾಳನ್ನು ಒಂದೂ ಬಿಡದೆ ಗುಡಿಸಿ ಮೊರಕ್ಕೆ ತುಂಬುವಷ್ಟರಲ್ಲಿ ಸಂಜೆಯಾಯಿತು. ಪ್ಯಾಂಟು ಹುರುಳಿ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಜಗುಲಿಯಲ್ಲಿ ಕೂತು ನೋಡುತ್ತಲೇ ಇದ್ದಳು. ಮೂರನೆಯದೂ ಹೋಯಿತು ಎಂದುಕೊಂಡು ಮನೆಗೆ ಬಂದೆ.

ವಾರದೊಳಗೆ ಒಪ್ಪಿಗೆ ಬಂತು!

ನನ್ನ ಇಂಜಿನಿಯರ್ ಬುದ್ಧಿಗೆ ಅವಳು ಮಾರುಹೋದಳೆಂದು ಎಷ್ಟೋ ವರ್ಷ ನಂಬಿದ್ದೆ. ಮೊನ್ನೆ ಅವಳ ತಂಗಿ ಯಾಕೆ ಒಪ್ಪಿದೆಯೆಂದು ಕೇಳಿದಾಗ ಅವಳ ಬಾಯಿಂದಲೇ ನಿಜ ಹೊರಬಿತ್ತು. "ಆ ಕೊಕ್ಕೆ ನೋಡಿ ಯಾರೇ ಒಪ್ತಾರೆ? ಎಷ್ಟು ನೀಟಾಗಿ ಗುಡಿಸಿದ್ರು ಗೊತ್ತೇನೇ! ಅಂಥ ಗಂಡು ಸಿಗ್ಬೇಕಲ್ಲ."

ಇಗೋ, ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು. ಪೊರಕೆ ಎಲ್ಲಿದೆ ಎಂದು ಕೇಳುತ್ತಿದ್ದಾಳೆ. ಪಾಪ, ಅವಳಿಗೆ ಹೇಗೆ ಗೊತ್ತಿರಬೇಕು!