ಟ್ರ್ಯಾಕಿನ ಮೇಲೆ ಭಂಡಾರ

ಮಕ್ಕಳಿಗೆಂದು ದೊಡ್ಡವರು ಕೊಳ್ಳುವ ಆಟಿಕೆಗಳಲ್ಲಿ ಮಕ್ಕಳ ಪಾಲು ಬಹಳ ಕಡಿಮೆ. ಅಂಗಡಿಯಲ್ಲಿ ನಿಂತು, ಇದು ಎಷ್ಟು ವೇಗ ಓಡುತ್ತದೆ, ಬಿಚ್ಚಿದರೆ ಮತ್ತೆ ಜೋಡಿಸಲು ಬರುತ್ತದೆಯೇ, ಬಿಡಿಭಾಗ ಸಿಗುತ್ತವೆಯೇ ಎಂದೆಲ್ಲ ವಿಚಾರಿಸುವವರು ಮಕ್ಕಳಲ್ಲ. ಮಕ್ಕಳು ಆ ಹೊತ್ತಿಗೆ ಖಾಲಿ ರಟ್ಟಿನ ಡಬ್ಬಿಯೊಳಗೆ ಕೂತು ಸುಖವಾಗಿರುತ್ತಾರೆ. ನಾನೊಬ್ಬ ಮಾತ್ರ ಅಂಥವನಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ನನ್ನ ಹೆಂಡತಿ ಸುರೇಖಾ ಇದನ್ನು ಯಾರಿಂದಲಾದರೂ ಓದಿಸಿ ಕೇಳುವ ಸಂಭವವಿರುವುದರಿಂದ ನಿಜವನ್ನೇ ಹೇಳುತ್ತೇನೆ. ಅಕ್ಕಲಕೋಟೆಯಲ್ಲಿರುವ ಅವಳ ತಮ್ಮ ಸಿದ್ರಾಮನಿಗೆ ಮಗ ಹುಟ್ಟಿದಾಗ ಆ ಕೂಸಿನ ತೊಟ್ಟಿಲಿಗೆ ನಾನು ಮುಂಬೈಯಿಂದ ತಂದ ಉಡುಗೊರೆ ಒಂದು ಸ್ಲಾಟ್ ಕಾರಿನ ಸೆಟ್ಟು.

ಸ್ಲಾಟ್ ಕಾರು ಎಂದರೆ ಅಂಗೈಯಗಲದ ರೇಸ್ ಕಾರು. ಕಪ್ಪು ಪ್ಲಾಸ್ಟಿಕ್ಕಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ನೆಲದ ಮೇಲೆ ಅಂಕುಡೊಂಕು ರಸ್ತೆ ಮಾಡಬೇಕು. ರಸ್ತೆಯಲ್ಲಿ ಎರಡು ಕಾರುಗಳಿಗೆ ಎರಡು ಸೀಳುಗಳು, ಪ್ರತಿ ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ. ಕಾರಿನ ಹೊಟ್ಟೆಯ ಕೆಳಗಿನ ನಾಲಿಗೆ ಸೀಳಿನಲ್ಲಿ ಇಳಿಯುತ್ತದೆ. ನಾಲಿಗೆಯ ಪಕ್ಕದಲ್ಲಿರುವ ತಾಮ್ರದ ಪುಟ್ಟ ಜಡೆಗಳು ಪಟ್ಟಿಯಿಂದ ಕರೆಂಟು ಎಳೆದುಕೊಳ್ಳುತ್ತವೆ. ಕೈಯಲ್ಲಿ ಹಿಡಿದ ಹ್ಯಾಂಡಲ್ಲು ಒತ್ತಿದರೆ ಕಾರು ಓಡುತ್ತದೆ, ತಿರುವಿನಲ್ಲಿಯೂ ಬಿಡದೆ ಒತ್ತಿದರೆ ಹಾರಿ ಹೋಗಿ ಕಪಾಟಿನ ಬುಡ ಸೇರುತ್ತದೆ. ಇಷ್ಟೇ ಆಟ. ಡಬ್ಬಿ ಬಿಚ್ಚಿದ ದಿನ ಸಿದ್ರಾಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ದಾಜಿ, ನನ್ನ ಮಗಗ ಇನ್ನಾ ಹಲ್ಲ ಬಂದಿಲ್ರಿ. ಅಂವ ಹ್ಯಾಂಗ ಇದನ್ನ ಆಡ್ತಾನ?” ಎಂದ. ನಮ್ಮ ಕಡೆ ಅಕ್ಕನ ಗಂಡನನ್ನು ದಾಜಿ ಎನ್ನುತ್ತಾರೆ. “ಅದಕ್ಕ ಅಲ್ಲೇನು, ಅಂವ ದೊಡ್ಡಾಂವ ಆಗೂತನಕ ನಾ ಸಂಭಾಳಿಸ್ತೀನಿ,” ಎಂದೆ. ಹೀಗೆ ಸೆಟ್ಟು ಸೊಲ್ಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಉಳಿಯಿತು. ಅಲ್ಲಿದ್ದ ದಿವಾನ ಮಂಚ ಹೊರಗೆ ಹೋಯಿತು.

ಸಿದ್ರಾಮನಿಗೆ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ. ಭಾನುವಾರ ಮಗನ ಆಟಿಕೆ ನೋಡಿಕೊಂಡು ಹೋಗುವ ನೆವದಲ್ಲಿ ಬರುತ್ತಿದ್ದ. ಶೇಂಗಾ ಚಟ್ನಿ ಮೆತ್ತಿದ ಬೆರಳಲ್ಲೇ ಹ್ಯಾಂಡಲ್ಲು ಹಿಡಿದು, ತನ್ನ ಪಾಲಿನ ಕಾರನ್ನು ಡಬ್ಬಿಯಿಂದ ತೆಗೆದು ಹಾಗೇ ಓಡಿಸಿ, ನನ್ನನ್ನು ಸೋಲಿಸಿ ಹೋಗುತ್ತಿದ್ದ. ಒಂದು ಸಲವಾದರೂ ಸೋತು ದಾಜಿಯ ಮಾನ ಉಳಿಸೋಣ ಎಂಬ ಸಂಸ್ಕಾರ ಆ ಮನುಷ್ಯನಿಗಿಲ್ಲ. ಸೋತವನಿಗೆ ತಪ್ಪು ತನ್ನದಲ್ಲ, ಯಂತ್ರದ್ದು ಎನಿಸುವುದು ಸಹಜ. ನನಗೂ ಎನಿಸಿತು. ಅಂದಿನಿಂದ ನಾನು ಕಾರಿನ ಸೇವೆಗೆ ಇಳಿದೆ.

ಮೊದಲು ಎಣ್ಣೆ. ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಚಕ್ರದ ಅಚ್ಚಿಗೆ ಒಂದೇ ಹನಿ ತೆಳು ಎಣ್ಣೆ ಬಿಡಿ ಎಂದ. ನಮ್ಮ ಮನೆಯಲ್ಲಿದ್ದದ್ದು ಗಾಣದ ಶೇಂಗಾ ಎಣ್ಣೆ. ಹನಿ ಬಿಟ್ಟೆ. ಕಾರು ಒಂದು ದಿನ ಚೆನ್ನಾಗಿ ಓಡಿತು. ಮರುದಿನ ಬೆಳಿಗ್ಗೆ ನೋಡಿದರೆ ಅಡುಗೆಮನೆಯಿಂದ ಹೊರಟ ಇರುವೆಗಳು ಸೀಳಿನೊಳಗೆ ಇಳಿದು, ತಿರುವುಗಳಲ್ಲೆಲ್ಲ ಶಿಸ್ತಿನಿಂದ ತಿರುಗಿ, ಕಾರಿನತ್ತ ಸಾಗಿದ್ದವು. ಅವುಗಳಲ್ಲಿ ಒಂದೂ ತಿರುವಿನಲ್ಲಿ ಹಾರಿ ಬಿದ್ದಿರಲಿಲ್ಲ. ಆಮೇಲೆ ಪಟ್ಟಿಗಳ ಸರದಿ. “ದೇವರ ತಂಬಗಿ ನೋಡ್ರಿ, ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಹ್ಯಾಂಗ ಲಕಲಕ ಅಂತದ,” ಎಂದು ಸುರೇಖಾ ಯಾವಾಗಲೋ ಅಂದದ್ದು ನೆನಪಾಗಿ, ಇಡೀ ಟ್ರ್ಯಾಕಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ನಿಜವಾಗಿಯೂ ಲಕಲಕ ಎಂದಿತು. ಎರಡು ದಿನಕ್ಕೆ ತುಕ್ಕು ಹಿಡಿಯಿತು. ದೇವರ ತಂಬಿಗೆ ತಾಮ್ರದ್ದು, ಟ್ರ್ಯಾಕಿನ ಪಟ್ಟಿ ಕಬ್ಬಿಣದ್ದು ಎಂಬ ಭೇದ ಆಗ ತಿಳಿಯಿತು. ತುಕ್ಕನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತ ಕೂತಾಗ ಮಾತ್ರ ಸುರೇಖಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಬರಬರುತ್ತ ಕೈ ಪಳಗಿತು. ಟೈರುಗಳನ್ನು ಮರಳುಕಾಗದದ ಮೇಲೆ ತಿರುಗಿಸಿ ಒಂದೇ ಸಮ ದುಂಡಗೆ ಮಾಡಿದೆ. ಟ್ರ್ಯಾಕಿನ ತುಂಡುಗಳು ಕೂಡುವಲ್ಲಿ ಎತ್ತರ ತಗ್ಗಾಗದಂತೆ ಕೆಳಗೆ ಮದುವೆಯ ಆಮಂತ್ರಣ ಪತ್ರಿಕೆ ಕತ್ತರಿಸಿ ಇಟ್ಟೆ. ಅದರಲ್ಲೊಂದು ಮದುವೆಗೆ ನಾವು ಇನ್ನೂ ಹೋಗಬೇಕಿತ್ತು ಎಂಬುದು ಆಮೇಲೆ ಗೊತ್ತಾಯಿತು. ಕಾರಿನ ಹೊಟ್ಟೆಯಲ್ಲಿ ಒಂದು ಅಯಸ್ಕಾಂತವಿರುತ್ತದೆ, ಅದು ಪಟ್ಟಿಗೆ ಹತ್ತಿರವಾದಷ್ಟೂ ಕಾರು ತಿರುವಿನಲ್ಲಿ ನೆಲ ಕಚ್ಚಿಕೊಳ್ಳುತ್ತದೆ. ನಾನು ಅದನ್ನು ತಗ್ಗಿಸಿದೆ, ಇನ್ನೂ ತಗ್ಗಿಸಿದೆ, ಕಾರು ಹೊಟ್ಟೆ ಎಳೆಯುತ್ತ ಹೋಗುವಷ್ಟು ತಗ್ಗಿಸಿದೆ. ತಾಮ್ರದ ಜಡೆಗಳನ್ನು ದಿನಾ ಬಿಚ್ಚಿ ಬಾಚಿ ಒತ್ತಿ ಕೂರಿಸುತ್ತಿದ್ದೆ. ನವಿ ಪೇಠದ ನನ್ನ ಬಟ್ಟೆ ಅಂಗಡಿಯಿಂದ ಮೈಗೆ ಅಂಟಿಕೊಂಡು ಬರುವ ನೂಲಿನ ಎಳೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆಂದು ಬಾಗಿಲಲ್ಲೇ ಅಂಗಿ ಝಾಡಿಸಿ ಒಳಗೆ ಬರತೊಡಗಿದೆ. ಬಂದ ಬೀಗರಿಗೂ ಹಾಗೇ ಹೇಳಿದೆ. ಬೀಗರು ಬರುವುದು ಕಡಿಮೆಯಾಯಿತು. ಇಷ್ಟೆಲ್ಲ ಆದರೂ ಭಾನುವಾರ ಸಿದ್ರಾಮನೇ ಗೆಲ್ಲುತ್ತಿದ್ದ. “ದಾಜಿ, ಗಾಡಿ ಅಂದ್ರ ಓಡಸೂದ್ರಿ. ದಿನಾ ಅದರ ಕಿವಿ ಹಿಂಡೂದಲ್ಲ,” ಎಂದು ಉಪದೇಶ ಬೇರೆ.

ಇತ್ತ ಸುರೇಖಾಳಿಗೆ ಪಡಸಾಲೆ ಬೇಕಾಗಿತ್ತು. ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ ಮಶೀನು ತರಬೇಕೆಂಬುದು ಅವಳ ಬಹುದಿನದ ಆಸೆ. ಓಣಿಯ ಹೆಂಗಸರೆಲ್ಲ ಸೀರೆ ಕೊಡಲು ಸಿದ್ಧರಾಗಿ ಕೂತಿದ್ದರು. ಕಿಟಕಿಯ ಬೆಳಕು ಚೆನ್ನಾಗಿ ಬೀಳುವುದು ಪಡಸಾಲೆಯಲ್ಲಿ ಮಾತ್ರ, ಮತ್ತು ಆ ಬೆಳಕು ನೇರವಾಗಿ ಬೀಳುತ್ತಿದ್ದದ್ದು ನನ್ನ ಎರಡನೆಯ ತಿರುವಿನ ಮೇಲೆ. ಅವಳು ಜಗಳ ಮಾಡಲಿಲ್ಲ. ತಮ್ಮ ಎದುರಿಗಿದ್ದಾಗ ಶಾಂತವಾಗಿ ಹೇಳಿದಳು: “ದಸರಾ ದಿನ ಒಂದ ರೇಸ್ ಆಗ್ಲಿ. ಸಿದ್ದು ಗೆದ್ರ ಟ್ರ್ಯಾಕ್ ಡಬ್ಬಿಗಿ ಹಾಕಿ ಅಕ್ಕಲಕೋಟಿಗಿ ಒಯ್ತಾನ. ನೀವು ಗೆದ್ರ ಅದು ಇಲ್ಲೇ ಇರ್ಲಿ, ನಾ ಮತ್ತ ತುಟಿ ಪಿಟಕ್ ಅನ್ನಂಗಿಲ್ಲ.” ಮದುವೆಯಾದಂದಿನಿಂದ ಸೋಲುವ ಪಂದ್ಯ ಕಟ್ಟಿದವಳಲ್ಲ ಅವಳು. ಆದರೂ ಗಂಡಸಿನ ಹಾಗೆ “ಆಗ್ಲಿ ಬಿಡು” ಎಂದೆ.

ದಸರೆಯ ಹಿಂದಿನ ದಿನ, ಖಂಡೇನವಮಿಯ ಬೆಳಿಗ್ಗೆ, ನಾನು ಟ್ರ್ಯಾಕನ್ನು ಒಂದು ಧೂಳಿನ ಕಣವಿಲ್ಲದಂತೆ ಒರೆಸಿ, ಕಾರನ್ನು ಗೆರೆಯ ಮೇಲೆ ನಿಲ್ಲಿಸಿ, ಅಂಗಡಿಯ ಪೂಜೆಗೆಂದು ನವಿ ಪೇಠಕ್ಕೆ ಹೋದೆ. ಆ ದಿನ ನಮ್ಮಲ್ಲಿ ಎಲ್ಲ ಸಾಮಾನುಗಳಿಗೂ ಪೂಜೆ. ಕತ್ತರಿ, ಗಜಕೋಲು, ಕುಡುಗೋಲು, ಮೋಟರಸೈಕಲ್ಲು, ಯಾವುದನ್ನೂ ಬಿಡುವಂತಿಲ್ಲ. ಪೂಜೆಯಾದದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಸಿದ್ರಾಮ ದಾರಿಯಲ್ಲಿ ಕುಂಭಾರಿಯಿಂದ ಅವರವ್ವನನ್ನು, ಅಂದರೆ ನಮ್ಮ ಅತ್ತೆಯನ್ನು, ಹತ್ತಿಸಿಕೊಂಡು ಬಂದಿದ್ದ. ಅತ್ತೆ ಇಂದಿಗೂ ಕುರಿ ಬಿಟ್ಟವರಲ್ಲ, ಕುರಿಗಾರರ ದೇವರು ಬೀರಪ್ಪನನ್ನೂ ಬಿಟ್ಟವರಲ್ಲ. ಅವರ ಸೊಂಟದಲ್ಲಿ ಭಂಡಾರದ, ಅಂದರೆ ದೇವರ ಅರಿಸಿನದ ಪುಡಿಯ, ಚೀಲ ಸದಾ ಇರುತ್ತದೆ. ನೆಗಡಿಗೂ ಅದೇ ಅರಿಸಿನ, ಪರೀಕ್ಷೆಗೂ ಅದೇ ಅರಿಸಿನ.

ಬಾಗಿಲಲ್ಲಿ ಅಂಗಿ ಝಾಡಿಸುತ್ತಿದ್ದವನು ಹಾಗೇ ನಿಂತುಬಿಟ್ಟೆ. ನನ್ನ ಕಪ್ಪು ಟ್ರ್ಯಾಕು ಹಳದಿಯಾಗಿತ್ತು. ಒಂದು ಚಿಟಿಕೆಯಲ್ಲ, ಮುಷ್ಟಿಗಟ್ಟಲೆ. ಸೀಳಿನೊಳಗೂ ಭಂಡಾರ, ಪಟ್ಟಿಯ ಮೇಲೂ ಭಂಡಾರ, ಎರಡು ಕಾರಿಗೂ ಕುಂಕುಮ, ಚೆಂಡು ಹೂವಿನ ಎಸಳು. ಸಾಲದ್ದಕ್ಕೆ ಗಾಲಿಯ ಕೆಳಗೆ ಲಿಂಬೆಹಣ್ಣು ಒಡೆಯುವ ಶಾಸ್ತ್ರ. ಲಿಂಬೆಹಣ್ಣು ಕಾರಿಗಿಂತ ಎತ್ತರವಿದ್ದುದರಿಂದ ಅತ್ತೆ ಅದನ್ನು ಹೆಚ್ಚಿ, ಸಣ್ಣ ಹೋಳು ಮಾಡಿ, ಕಾರನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಒತ್ತಿ ಉರುಳಿಸಿದ್ದರು. ನಾನು ತಿಂಗಳುಗಟ್ಟಲೆ ಉಜ್ಜಿದ ಟೈರಿನಿಂದ ರಸ ತೊಟ್ಟಿಕ್ಕುತ್ತಿತ್ತು.

“ಅತ್ತಿ, ಇದೇನ ಮಾಡೀರಿ?”

“ಓಡೂ ವಸ್ತು ಅಂದ್ರ ಪೂಜಾ ಬೇಕಲ್ಲಪಾ? ಟ್ರ್ಯಾಕ್ಟರಿಗಿ ಮಾಡ್ತೀವಿ, ಫಟಫಟಿಗಿ ಮಾಡ್ತೀವಿ. ಇದೇನ ಪಾಪ ಮಾಡೇದ?”

ನಾನು ಸುರೇಖಾಳ ಕಡೆ ನೋಡಿದೆ. “ನಾ ಏನ ಬ್ಯಾಡ ಅನ್ನಲಿ? ಅವ್ವ ದೇವರದು ಮಾಡಾಕತ್ತಾಳ,” ಎಂದಳು. ಅವಳ ಮುಖದಲ್ಲಿ ಭಕ್ತಿ ಎಷ್ಟಿತ್ತು, ಪಿಕೋ ಮಶೀನು ಎಷ್ಟಿತ್ತು ಎಂದು ಇಂದಿಗೂ ನನಗೆ ತಿಳಿದಿಲ್ಲ. ಅರಿಸಿನದ ಪುಡಿ ಪಟ್ಟಿಯ ಮೇಲೆ ಕೂತರೆ ಕರೆಂಟು ಹರಿಯುವುದಿಲ್ಲ, ಪೂಜೆಯಾದದ್ದನ್ನು ಮುಟ್ಟುವಂತಿಲ್ಲ, ಭಂಡಾರ ಒರೆಸುವ ಮಾತು ಆಡಲೂ ಬಾರದು. ಆ ದಿನ ನಾನು ಒಂದೇ ಹೋಳಿಗೆಗೆ ಎದ್ದುಬಿಟ್ಟೆ. ಸಿದ್ರಾಮ ಮಾತ್ರ ಹಾಲು ತುಪ್ಪ ಹಾಕಿಸಿಕೊಂಡು ಉಂಡ.

ಮರುದಿನ ಬನ್ನಿ ಕೊಟ್ಟು ಕಾಲು ಮುಟ್ಟುವುದೆಲ್ಲ ಮುಗಿದ ಮೇಲೆ ರೇಸು. ಮೂರು ಸುತ್ತು. ಸೀಳಿನಿಂದ ಹೊರಗೆ ಬಿದ್ದ ಕಾರನ್ನು ಮಾತ್ರ ಕೈಯಿಂದ ಎತ್ತಿ ಇಡಬಹುದು, ನಿಂತ ಕಾರನ್ನು ಮುಟ್ಟುವಂತಿಲ್ಲ, ಇದು ನಾನೇ ಹಿಂದೆ ಮಾಡಿದ್ದ ನಿಯಮ. “ಬಿರೋಬಾಚ್ಯಾ ನಾವಾನಂ ಚಾಂಗಭಲಂ!” ಎಂದು ಅತ್ತೆ ಮರಾಠಿಯಲ್ಲಿ ಬೀರಪ್ಪನ ಜಯಕಾರ ಕೂಗಿದ್ದೇ ತಡ, ಇಬ್ಬರೂ ಒತ್ತಿದೆವು. ಸಿದ್ರಾಮನ ಕಾರು ಚಿಗರಿಯ ಹಾಗೆ ನೆಗೆದು, ಮೊದಲ ತಿರುವಿನವರೆಗೆ ಹೋಗಿ, ಗಕ್ಕನೆ ನಿಂತಿತು. ಅವನು ಹ್ಯಾಂಡಲ್ಲು ಒತ್ತಿದ, ಹಿಂಡಿದ, ಝಾಡಿಸಿದ. ಬಾಚದ, ಒತ್ತದ ಅವನ ಜಡೆಗಳು ಪುಡಿಯ ಮೇಲೆ ತೇಲುತ್ತ ಕೂತಿದ್ದವು. ನನ್ನ ಕಾರು ನೆಗೆಯಲಿಲ್ಲ. ಹೊಟ್ಟೆ ಎಳೆಯುತ್ತ, ಮುಂದೆ ಭಂಡಾರದ ಗುಡ್ಡೆ ತಳ್ಳುತ್ತ, ಕಸಬರಿಗೆಯ ಹಾಗೆ ಪಟ್ಟಿ ಗುಡಿಸಿಕೊಂಡು, ತಡವರಿಸಿ ತಡವರಿಸಿ ಹೊರಟಿತು. ಅತ್ತೆ ಎದ್ದು ಸೀರೆ ಎತ್ತಿ ಕಟ್ಟಿ, ಹಿಂದುಳಿದ ಕುರಿಯನ್ನು ಹೊಡೆದುಕೊಂಡು ಹೋಗುವಂತೆ “ಹ್ರ್ರಾ, ಹ್ರ್ರಾ, ನಡಿ ನನ್ನವ್ವ” ಎನ್ನುತ್ತ ಅದರ ಪಕ್ಕದಲ್ಲೇ ನಡೆದರು. ಅವರ ನಡಿಗೆಯೇ ಕಾರಿಗಿಂತ ಹೆಚ್ಚಾಗಿ ಆಗಾಗ ನಿಂತು ಕಾಯಬೇಕಾಯಿತು. ಮೂರನೆಯ ಸುತ್ತು ಮುಗಿದಾಗ ಸಿದ್ರಾಮ ಇನ್ನೂ ಮೊದಲ ತಿರುವಿನಲ್ಲೇ ಇದ್ದ.

ಗೆದ್ದೆ! ಕಣ್ಣಲ್ಲಿ ನೀರೇ ಬಂತು. ಎದ್ದು ನಿಂತು, ಜಡೆಯನ್ನು ಒತ್ತಿ ಕೂರಿಸುವುದರ ಮಹತ್ವ, ಅಯಸ್ಕಾಂತ ತಗ್ಗಿಸುವುದರ ಸೂಕ್ಷ್ಮ ಇವುಗಳ ಬಗ್ಗೆ ಎರಡು ಮಾತು ಆಡಬೇಕೆಂದು ಗಂಟಲು ಸರಿಮಾಡಿಕೊಂಡೆ. ನೋಡಿದರೆ ಮೂವರೂ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾರೆ. “ಲಯ್ ಭಾರಿ ದೇವರು ದಾಜಿ. ನಿಮ್ಮಂಥಾವರನ್ನೂ ಗೆಲ್ಲಿಸಿದ,” ಎಂದ ಸಿದ್ರಾಮ. ಇರಲಿ, ಕೀರ್ತಿ ಯಾರಿಗಾದರೂ ಹೋಗಲಿ, ಪಡಸಾಲೆ ನನ್ನದಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಒರೆಸುವ ಬಟ್ಟೆಗೆ ಕೈ ಹಾಕಿದೆ.

“ಅಯ್ಯ, ಕೈ ತಗೀರಿ!” ಎಂದರು ಅತ್ತೆ. “ದೇವರು ಗೆಲ್ಲಿಸಿದ ಹಾದಿ. ಒರಸ್ತಾರೇನು?”

“ಒರಸದಿದ್ರ ಗಾಡಿ ಓಡಂಗಿಲ್ರಿ ಅತ್ತಿ.”

“ಓಡೂದು ಓಡಿತಲ್ಲ, ಗೆಲ್ಲೂದು ಗೆದ್ದೀರಲ್ಲ. ಇನ್ನೇನ ಓಡಸ್ತೀರಿ? ಗಾಳಿಗಿ ಹಾರಿ ಹೋದ್ರ ಅದು ಅವನ ಇಚ್ಛಾ. ಮನಷ್ಯಾರು ಕೈ ಹಚ್ಚಬಾರ್ದು.”

ಸುರೇಖಾ ಮಾತಿಗೆ ತಪ್ಪುವವಳಲ್ಲ. ಟ್ರ್ಯಾಕಿನ ಬಗ್ಗೆ ಆಮೇಲೆ ತುಟಿ ಪಿಟಕ್ ಎನ್ನಲಿಲ್ಲ. ಪಿಕೋ ಮಶೀನು ಒಳಗಿನ ಕೋಣೆಗೆ ಬಂತು, ನನ್ನ ಹಾಸಿಗೆ ಪಡಸಾಲೆಗೆ ಬಂತು. ಟ್ರ್ಯಾಕಿಗೂ ಗೋಡೆಗೂ ನಡುವೆ ಉಳಿದ ಸಂದಿಯಲ್ಲಿ ನಾನು ಮಲಗುತ್ತೇನೆ. ಸೀರೆ ಕೊಡಲು ಬಂದ ಹೆಂಗಸರು ಚಪ್ಪಲಿ ಬಿಟ್ಟು, ಮೊದಲು ಟ್ರ್ಯಾಕಿಗೆ ಕೈ ಮುಗಿದು, ಎರಡನೆಯ ತಿರುವಿನಲ್ಲಿ ಒಂದು ಹೂವಿಟ್ಟು ಒಳಗೆ ಹೋಗುತ್ತಾರೆ. ಪಕ್ಕದ ಮನೆಯವರು ಹೊಸ ಸ್ಕೂಟರಿನ ಬೀಗದಕೈಯನ್ನು ಒಂದು ದಿನ ಅಲ್ಲಿಟ್ಟು ಒಯ್ದರು. ಯಾವ ಟ್ರ್ಯಾಕು ಮನೆಯಿಂದ ಹೋಗಬಾರದೆಂದು ಬಡಿದಾಡಿದೆನೋ ಅದು ಇನ್ನು ಮೇಲೆ ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆ ಯಾವ ಕಾರೂ ಓಡುವುದಿಲ್ಲ.

ಆದರೆ ಗಾಳಿಗೆ ಹಾರಿ ಹೋಗಬಹುದು ಎಂದು ಅತ್ತೆಯೇ ಹೇಳಿದ್ದಾರಲ್ಲ. ಹೀಗಾಗಿ ಚಳಿ ಬಿದ್ದ ಮೇಲೂ ನಾನು ಫ್ಯಾನನ್ನು ಪೂರ್ತಿ ತಿರುವಿ, ಎರಡು ಚಾದರ ಹೊದ್ದು, ಮೂಗು ಸೊರಸೊರ ಎಳೆಯುತ್ತ ಕೂತಿರುತ್ತೇನೆ. ಒಂದು ಮೂಲೆಯಲ್ಲಿ ಪಟ್ಟಿ ಬೆಳ್ಳಗೆ ಇಣುಕತೊಡಗಿತ್ತು. ಜೀವ ಹಿಡಿದುಕೊಂಡು ನೋಡುತ್ತಿದ್ದೆ. ಮೊನ್ನೆ ಅತ್ತೆ ಮತ್ತು ಸಿದ್ರಾಮ ಬಂದರು. “ದಾಜಿ, ಇಂಥಾ ಥಂಡ್ಯಾಗ ಫ್ಯಾನ್ ಯಾಕ ಹಚ್ಚೀರಿ?” ಎಂದು ಅವನು ಕೇಳಿದ. ಅತ್ತೆಯ ಎದುರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. “ನಮಗ ಥಂಡಿ ಆದ್ರ ಆಗ್ಲಿ. ದೇವರಿಗಿ ಸೆಖಿ ಆಗಬಾರ್ದು ನೋಡು,” ಎಂದುಬಿಟ್ಟೆ.

ಅತ್ತೆ ಫ್ಯಾನಿನ ಕಡೆ, ಆಮೇಲೆ ನನ್ನ ಎರಡು ಚಾದರದ ಕಡೆ ನೋಡಿದರು. ಅವರ ಕಣ್ಣು ತುಂಬಿ ಬಂತು. “ಸುರೇಖಾ, ನಿನ್ನ ಗಂಡನ್ನ ನಾ ಇಷ್ಟ ದಿನ ತಪ್ಪ ತಿಳಕೊಂಡಿದ್ದೆ ನೋಡವ್ವ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಫ್ಯಾನು ಆರಿಸಲು ಹೇಳಿ, ಸೊಂಟದ ಚೀಲದ ದಾರ ಬಿಚ್ಚಿದರು. ಎರಡು ಮುಷ್ಟಿ ತುಂಬಿ ಎರಚಿದರು. ಚಾಂಗಭಲಂ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ.